ಹಿಂಗಾರಿನಲ್ಲಿ ಹಕ್ಕಿ ನೋಡಲು: ಕೊಡೆಯೋ, ರೇನ್‌ಕೋಟೋ, ಪಾಂಚೋವೋ?

ಅಕ್ಟೋಬರ್‌ನಲ್ಲಿ ವಲಸೆ ಹಕ್ಕಿಗಳು ನಮ್ಮ ಕೆರೆಗಳಿಗೆ ಬಂದಿಳಿಯುತ್ತವೆ. ಹಿಂಗಾರು ಮಳೆ, ಗಾಳಿಯೂ ಆಗಲೇ. ಮನೆಯಲ್ಲೇ ಕೂತರೆ ಒಳ್ಳೆಯ ದಿನಗಳು ಕೈತಪ್ಪುತ್ತವೆ.

ಜಿಟಿಜಿಟಿ ಮಳೆಗೆ ಕೊಡೆ ಸಾಕು. ಬೆವರುವುದಿಲ್ಲ, ಲೆನ್ಸೂ ಒಣಗಿರುತ್ತದೆ. ಆದರೆ 8×42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮುಂಗಾಜಿನ) ದುರ್ಬೀನು ಅಲುಗದಂತೆ ಹಿಡಿಯಲು ಎರಡೂ ಕೈ ಬೇಕು. ಕೆರೆ ಏರಿಯ ಗಾಳಿಗೆ ಮೂರು ಮಡಿಕೆಯ ಕೊಡೆ ಉಲ್ಟಾ ಆಗುವುದೂ ಸಾಮಾನ್ಯ.

ರೇನ್‌ಕೋಟ್ ತೊಟ್ಟರೆ ಕೈ ಖಾಲಿ. ಪಿವಿಸಿ ಪ್ಲಾಸ್ಟಿಕ್ಕಿನದಾದರೆ ಒಳಗೆ ಬೆವರು ಕಟ್ಟಿ, ಆ ಬಿಸಿ ಆವಿ ಕಾಲರಿನಿಂದ ಮೇಲೆದ್ದು ಕಣ್ಣಿನ ಕಡೆಯ ಗಾಜು ಮಂಜಾಗುತ್ತದೆ. ಟೋಪಿಯ ಮೇಲೆ ಹನಿಗಳ ಸದ್ದಿಗೆ ಹಕ್ಕಿಯ ಕೂಗೂ ಕೇಳಿಸದು. ಕಂಕುಳಲ್ಲಿ ಜಿಪ್ ಇರುವ ಕೋಟನ್ನೇ ಕೊಳ್ಳಿ.

ನಮ್ಮ ಮತ ಪಾಂಚೋಗೆ, ಅಂದರೆ ತಲೆಯಿಂದ ತೊಟ್ಟು ಮೈಮೇಲೆ ಇಳಿಬಿಡುವ ತೋಳಿಲ್ಲದ ಮಳೆಹೊದಿಕೆಗೆ. ದುರ್ಬೀನು, ಪುಸ್ತಕ, ಬೆನ್ನಚೀಲ ಎಲ್ಲವೂ ಒಳಗೇ ಉಳಿಯುತ್ತವೆ, ಅಡಿಯಿಂದ ಗಾಳಿಯೂ ಆಡುತ್ತದೆ. ಗಾಳಿಗೆ ಪಟಪಟ ಬಡಿದರೆ ಹಕ್ಕಿ ಬೆದರುತ್ತವೆ. ಸೊಂಟಕ್ಕೊಂದು ದಾರ ಬಿಗಿಯಿರಿ. ಬಣ್ಣ ಮಣ್ಣಿನದೋ ಎಲೆಹಸಿರೋ ಇರಲಿ.

ಯಾವುದನ್ನೇ ಆರಿಸಿ, ಒದ್ದೆ ದುರ್ಬೀನನ್ನು ಚೀಲದೊಳಗೆ ಮುಚ್ಚಿಡಬೇಡಿ, ಲೆನ್ಸಿಗೆ ಫಂಗಸ್ ಹಿಡಿಯುತ್ತದೆ. ಮೊದಲು ಬ್ಲೋವರಿನಿಂದ (ಒತ್ತಿದರೆ ಗಾಳಿ ಊದುವ ರಬ್ಬರ್ ಬುರುಡೆ) ಮಣ್ಣಿನ ಕಣ ಹಾರಿಸಿ, ಆಮೇಲೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒರೆಸಿ, ರಾತ್ರಿಯಿಡೀ ಫ್ಯಾನ್ ಕೆಳಗೆ ಆರಲು ಬಿಡಿ. ಗುಡುಗು ಕೇಳಿಸಿದರೆ ಮಾತ್ರ ತಕ್ಷಣ ಏರಿಯಿಂದ ಇಳಿದು ಕಟ್ಟಡವೊಂದರ ಒಳಗೆ ಸೇರಿಕೊಳ್ಳಿ.