ಏಪ್ರಿಲ್ ನಡುಹಗಲಿಗೆ ಯಾವ ಹಾಡು? ಸಾರಂಗ, ಮೇಘ, ಮುಂಗಾರು ಮಳೆ ಮತ್ತು ಇನ್ನಷ್ಟು

ಕಲಬುರಗಿ ಕಡೆಯ ಸರಕಾರಿ ಕಚೇರಿಗಳಿಗೆ ಏಪ್ರಿಲ್, ಮೇ ತಿಂಗಳಲ್ಲಿ ಹೊತ್ತು ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ 1.30ಕ್ಕೆ ಮುಚ್ಚಿತು. ಬಿಸಿಲು 40 ಡಿಗ್ರಿ ದಾಟುವ ನಾಡಿಗೆ ಇದು ಬೇಕೇ ಬೇಕಾದ ಏರ್ಪಾಡು. ಊಟ ಮುಗಿಸಿ, ಕಿಟಕಿಗೆ ಒದ್ದೆ ಚಾದರ ಇಳಿಬಿಟ್ಟು, ಶಹಾಬಾದ್ ಕಲ್ಲಿನ ನೆಲದ ಮೇಲೆ ಅಡ್ಡಾದರೆ ಸಂಜೆಯವರೆಗೆ ಹೊರಗೆ ಕಾಲಿಡುವ ಮಾತಿಲ್ಲ. ಹಾಡು ಕೇಳುವುದಕ್ಕೆ ಇಷ್ಟು ಧಾರಾಳವಾದ ಹೊತ್ತು ವರ್ಷದಲ್ಲಿ ಮತ್ತೆ ಸಿಗುವುದಿಲ್ಲ.

ಆ ಹೊತ್ತಿಗೆ ಯಾವ ಹಾಡು ಆಗಿಬರುತ್ತದೆ ಎಂದು ಹಲವು ಬೇಸಿಗೆಗಳಿಂದ ಒಂದನ್ನು ಹಾಕಿ, ತೆಗೆದು, ಇನ್ನೊಂದನ್ನು ಹಾಕಿ ನೋಡುತ್ತ ಬಂದಿದ್ದೇನೆ. ಮಳೆಯ ಹಾಡು ಕೇಳಿದರೆ ಮೈಮನ ತಂಪಾಗುತ್ತದೆ ಎಂದು ಸುತ್ತಲಿನ ಎಲ್ಲರೂ ಹೇಳುತ್ತಾರೆ. ನನ್ನ ಅನುಭವ ಬೇರೆ. ಬಿಸಿಲಿನ ಹಾಡೇ ಬಿಸಿಲಿಗೆ ಒಗ್ಗುತ್ತದೆ. ಮಳೆ ಸುರಿಯುತ್ತಿರುವಾಗಿನ ಹಾಡು ಏಪ್ರಿಲ್‌ನಲ್ಲಿ ಧಗೆಯನ್ನು ಇನ್ನಷ್ಟು ನೆನಪಿಸುತ್ತದೆ, ಅಷ್ಟೆ. ಮಳೆಯನ್ನು ಕರೆಯುವ ಹಾಡಿನ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಸಿನಿಮಾ ಹಾಡು, ಏಕೆಂದರೆ ಮನೆಯಲ್ಲಿ ಎಲ್ಲರ ಕೈ ಮೊದಲು ಹೋಗುವುದು ಅಲ್ಲಿಗೇ. ‘ಮುಂಗಾರು ಮಳೆ’ ತೆರೆಗೆ ಬಂದದ್ದು 2006ರ ಡಿಸೆಂಬರ್ ಕೊನೆಯಲ್ಲಿ. ಹಾಗಾಗಿ ತೊಯ್ದು ತೊಪ್ಪೆಯಾದ ಆ ಹಾಡುಗಳು ನಾಡಿನ ಬಸ್‌ಸ್ಟ್ಯಾಂಡು, ಹೋಟೆಲು, ಮದುವೆ ಹಂದರಗಳಲ್ಲಿ ಮೊಳಗಿದ್ದು ಮುಂದಿನ ಬೇಸಿಗೆಯ ತುಂಬ. ಮನೋಮೂರ್ತಿಯವರ ಸಂಗೀತ, ಸೋನು ನಿಗಮ್ ಅವರ ದನಿ, ಎರಡನ್ನೂ ನಾನು ಈಗಲೂ ಪ್ರೀತಿಸುತ್ತೇನೆ. ಆದರೆ ಶೀರ್ಷಿಕೆಗೀತೆಯನ್ನು ಮಧ್ಯಾಹ್ನ ಮೂರಕ್ಕೆ ಹಾಕಿ ನೋಡಿ. ಅದು ಮಳೆಯೊಳಗೇ ನಿಂತವನ ಹಾಡು. ಅವನ ನೋವಿಗೆ ಮಳೆ ಜೊತೆಗಿದೆ, ಕೇಳುವ ನಮಗೆ ಇಲ್ಲ. ಹಾಡು ಮುಗಿದ ಮರುಗಳಿಗೆ ಕೋಣೆಯ ಝಳ ಎದ್ದು ಬಂದು ಎದೆಯ ಮೇಲೆ ಕೂಡುತ್ತದೆ.

ಇದರ ಪಕ್ಕದಲ್ಲಿ ‘ಅಮೃತವರ್ಷಿಣಿ’ (1997) ಚಿತ್ರದ ‘ತುಂತುರು ಅಲ್ಲಿ ನೀರ ಹಾಡು’ ಇಟ್ಟರೆ ಅದೇ ಮೇಲು. ಅಲ್ಲಿ ಮಳೆಯ ಅಬ್ಬರವಿಲ್ಲ. ಚಿತ್ರಾ ಅವರ ದನಿ ಹನಿಗಳ ನಡುವಿನ ಬಿಡುವನ್ನು ಬಿಟ್ಟುಕೊಡುತ್ತದೆ, ತಾಳವೂ ಹಗುರ. ಊಟದ ನಂತರದ ಅರೆನಿದ್ದೆಗೆ ಭಾರವಾಗುವುದಿಲ್ಲ. ಆದರೂ ಒಂದು ಸಲ ಸಾಕು. ಎರಡನೇ ಸಲಕ್ಕೆ ಅದೂ ಆಸೆ ಹುಟ್ಟಿಸಿ ಕೈಬಿಡುತ್ತದೆ.

ನಿಜವಾದ ಪೈಪೋಟಿ ಇರುವುದು ಹಿಂದೂಸ್ತಾನಿ ರಾಗಗಳಲ್ಲಿ. ವೃಂದಾವನಿ ಸಾರಂಗ ಒಂದು ಕಡೆ, ಮೇಘ ಇನ್ನೊಂದು ಕಡೆ. ಶಾಸ್ತ್ರೀಯ ಸಂಗೀತ ತಮಗೆ ತಿಳಿಯುವುದಿಲ್ಲ ಎನ್ನುವವರಿಗೂ ಈ ಎರಡರ ಸ್ವರಗಳು ಕಿವಿಗೆ ಹೊಸವಲ್ಲ. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಕರ್ನಾಟಕ ಸಂಗೀತದ ಮಧ್ಯಮಾವತಿ ರಾಗದಲ್ಲಿ ಹಾಡುವುದನ್ನು ಕೇಳದ ಕನ್ನಡ ಮನೆ ಇದೆಯೆ? ಮಧ್ಯಮಾವತಿಯ ಸ, ರಿ, ಮ, ಪ, ನಿ ಈ ಐದೇ ಸ್ವರಗಳು ಮೇಘದ್ದೂ ಹೌದು. ವೃಂದಾವನಿ ಸಾರಂಗವೂ ಗಾಂಧಾರ (ಗ), ಧೈವತಗಳನ್ನು (ದ) ಬಿಟ್ಟ ರಾಗವೇ. ಏರುವಾಗ ಶುದ್ಧ ನಿಷಾದ (ನಿ), ಇಳಿಯುವಾಗ ಅದಕ್ಕಿಂತ ತುಸು ತಗ್ಗಿನ ಕೋಮಲ ನಿಷಾದ ಎಂಬುದೊಂದೇ ಹೆಚ್ಚಿನದು. ಬಹುತೇಕ ಅದೇ ಸ್ವರಗಳನ್ನು ಇಟ್ಟುಕೊಂಡು ನಮ್ಮ ಹಿರಿಯರು ಸಾರಂಗವನ್ನು ನಡುಹಗಲಿಗೆ ಕೊಟ್ಟರು, ಮೇಘವನ್ನು ಮಳೆಗಾಲಕ್ಕೆ. ಇದು ನನ್ನನ್ನು ಪ್ರತಿ ಬೇಸಿಗೆಯಲ್ಲೂ ಹಿಡಿದು ನಿಲ್ಲಿಸುವ ಸಂಗತಿ.

ವ್ಯತ್ಯಾಸ ಇರುವುದು ರಿಷಭದ (ರಿ) ನಡೆಯಲ್ಲಿ. ಸಾರಂಗದಲ್ಲಿ ರಿಷಭವೇ ವಾದಿ, ಅಂದರೆ ರಾಗದ ಮುಖ್ಯ ಸ್ವರ. ಹಾಡುಗಾರ ಮತ್ತೆ ಮತ್ತೆ ಅಲ್ಲಿಗೆ ಬಂದು ನೆಟ್ಟಗೆ ನಿಲ್ಲುತ್ತಾನೆ. ಅಲುಗಾಟವಿಲ್ಲ, ನೆರಳು ನೀಟಾಗಿ ಕಾಲಡಿಗೆ ಬಿದ್ದ ಹೊತ್ತಿನ ನಿಲುವು ಅದು. ಮೇಘದಲ್ಲಿ ಅದೇ ರಿಷಭ ಒಂಟಿಯಾಗಿ ಬರುವುದೇ ಅಪರೂಪ. ಮಧ್ಯಮದಿಂದ (ಮ) ಜಾರಿ ಬರುತ್ತದೆ, ಬಂದ ಮೇಲೂ ತೂಗುತ್ತಿರುತ್ತದೆ, ಭಾರ ಹೊತ್ತು ಕೆಳಗಿಳಿಯುತ್ತದೆ. ಪುಸ್ತಕದಲ್ಲಿ ಓದಿದರೆ ಇದು ಒಣ ಲಕ್ಷಣ. ಬಿರುಬಿಸಿಲಿನಲ್ಲಿ ಎರಡನ್ನೂ ಬೆನ್ನಬೆನ್ನಿಗೆ ಕೇಳಿದರೆ ಮೈಗೇ ತಿಳಿಯುತ್ತದೆ.

ಸಾರಂಗಕ್ಕೆ ನನ್ನ ಆಯ್ಕೆ ಭೀಮಸೇನ ಜೋಶಿ. ‘ತುಮ್ ರಬ್ ತುಮ್ ಸಾಹೇಬ್’ ಬಂದಿಶ್, ಅಂದರೆ ರಾಗದಲ್ಲಿ ಕಟ್ಟಿದ ರಚನೆ. ಗದಗಿನಲ್ಲಿ ಬೆಳೆದು, ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ಕಲಿತ ಈ ಗಾಯಕನಿಗೆ ನಮ್ಮ ಕಡೆಯ ಬಿಸಿಲನ್ನು ಯಾರೂ ಬಣ್ಣಿಸಿ ಹೇಳಬೇಕಿರಲಿಲ್ಲ. ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದೇ ಸ್ವರವನ್ನು ಬಿಚ್ಚುತ್ತ ಹೋಗುವಾಗ ಅವರಿಗೆ ಅವಸರವೇ ಇಲ್ಲ. ಕೇಳುತ್ತ ಕೇಳುತ್ತ ನಮ್ಮ ಉಸಿರೂ ನಿಧಾನವಾಗುತ್ತದೆ. ಧಗೆ ಕಡಿಮೆಯಾಗುವುದಿಲ್ಲ, ಅದರೊಡನೆ ಜಗಳವಾಡುವುದನ್ನು ಮೈ ಬಿಡುತ್ತದೆ. ನಾನು ‘ತಂಪು’ ಎನ್ನುವುದು ಇದನ್ನೇ.

ಒಂದು ವ್ಯವಹಾರದ ಮಾತೂ ಇಲ್ಲಿದೆ. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಕೂಡಲಾಗದು, ಫ್ಯಾನಿನ ಗುಂಯ್ ಶಬ್ದ ಸಿನಿಮಾ ಹಾಡಿನ ಪಿಟೀಲು, ಕೊಳಲುಗಳನ್ನು ಅರ್ಧಕ್ಕರ್ಧ ನುಂಗುತ್ತದೆ. ಕಿವಿಗೆ ಇಯರ್‌ಫೋನ್ ತುರುಕಿಕೊಂಡರೆ ಬೆವರು. ಭೀಮಸೇನರ ದನಿ ಮಾತ್ರ ಪುಟ್ಟ ಸ್ಪೀಕರಿನಿಂದಲೂ ಫ್ಯಾನನ್ನು ದಾಟಿ ಬರುತ್ತದೆ, ತಂಬೂರಿಯೋ ಫ್ಯಾನಿನ ಶಬ್ದದೊಡನೆ ಬೆರೆತು ಒಂದಾಗಿಬಿಡುತ್ತದೆ. ಕರೆಂಟ್ ಹೋದಾಗಲಂತೂ ಕೋಣೆಯಲ್ಲಿ ಆ ದನಿ ಮತ್ತು ಸೊಳ್ಳೆ, ಇಷ್ಟೇ.

ಮೇಘಕ್ಕೆ ಅಮೀರ್ ಖಾನರ ‘ಬರಖಾ ಋತು ಆಈ’. ಇದನ್ನು ಮೀರಿಸಿದ ಮೇಘವನ್ನು ನಾನು ಕೇಳಿಲ್ಲ. ಇಂದೋರಿನ ಈ ಉಸ್ತಾದರ ದನಿ ಕೆಳಸ್ಥಾಯಿಯಲ್ಲಿ ಹೊರಳುವಾಗ ದಿಗಂತದಲ್ಲಿ ಏನೋ ಕಪ್ಪಾಗುತ್ತಿದೆ ಎನಿಸುತ್ತದೆ. ಗಾಯನವಾಗಿ ನೋಡಿದರೆ, ನಾನು ಇದನ್ನು ಭೀಮಸೇನರ ಸಾರಂಗಕ್ಕಿಂತ ಒಂದು ತೂಕ ಮೇಲೆಯೇ ಇಡುತ್ತೇನೆ. ಆದರೆ ಏಪ್ರಿಲ್ ಮಧ್ಯಾಹ್ನಕ್ಕೆ ಬೇಡ. ಅಷ್ಟು ಗಾಢವಾಗಿ ಮೋಡ ಕವಿಸಿ, ಕೊನೆಗೆ ಕಣ್ಣು ತೆರೆದರೆ ಚಾದರದ ಅಂಚಿನಲ್ಲಿ ಅದೇ ಬಿಳಿ ಬಿಸಿಲು. ಒಳ್ಳೆಯ ಹಾಡನ್ನು ಹೊತ್ತಲ್ಲದ ಹೊತ್ತಿನಲ್ಲಿ ಕೇಳಿ ಅದರ ಮೇಲೆ ಬೇಸರ ತಂದುಕೊಳ್ಳುವುದು ಆ ಹಾಡಿಗೆ ಮಾಡುವ ಅನ್ಯಾಯ.

ಶುದ್ಧ ಸಾರಂಗವನ್ನೂ ಇದೇ ಸಾಲಿನಲ್ಲಿ ಇಟ್ಟು ನೋಡಿದ್ದೇನೆ. ಶುದ್ಧ, ತೀವ್ರ ಎರಡೂ ಮಧ್ಯಮಗಳು ಬರುವ ರಾಗ. ತೀವ್ರ ಮಧ್ಯಮ ಬಂದಾಗಲೆಲ್ಲ ಸಣ್ಣದೊಂದು ಚುಚ್ಚು. ಇನ್ನೂ ಬಿಸಿಲು ಏರುತ್ತಿರುವ ಹನ್ನೊಂದು, ಹನ್ನೆರಡರ ಹೊತ್ತಿಗೆ, ರಜೆಯ ದಿನ, ಅದು ಬಲು ಚೆಂದ. ಮೂರು ಗಂಟೆಗೆ ವೃಂದಾವನಿಯೇ ಸರಿ.

ಕರ್ನಾಟಕ ಸಂಗೀತದವರು ತಕ್ಷಣ ಅಮೃತವರ್ಷಿಣಿ ರಾಗ ಎನ್ನುತ್ತಾರೆ. ಎಟ್ಟಯಪುರದ ಬರಗಾಲದಲ್ಲಿ ಮುತ್ತುಸ್ವಾಮಿ ದೀಕ್ಷಿತರು ‘ಆನಂದಾಮೃತಾಕರ್ಷಿಣಿ’ ಹಾಡಿ ಮಳೆ ತರಿಸಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಮೈಸೂರಿನ ಆಸ್ಥಾನದಲ್ಲಿದ್ದ ಮುತ್ತಯ್ಯ ಭಾಗವತರ ‘ಸುಧಾಮಯೀ’ ಕೂಡ ಇದೇ ರಾಗ. ರಿಷಭ, ಧೈವತಗಳಿಲ್ಲದ, ಪ್ರತಿಮಧ್ಯಮದ (ತೀವ್ರ ಮಧ್ಯಮದ ಕರ್ನಾಟಕ ಸಂಗೀತದ ಹೆಸರು) ಈ ರಾಗ ಮೆಟ್ಟಿಲು ಬಿಟ್ಟು ಮೆಟ್ಟಿಲು ಹಾರುತ್ತದೆ, ಮಿಂಚುತ್ತದೆ. ಮೇ ತಿಂಗಳ ಸಂಜೆ ಗಾಳಿ ಎದ್ದು, ಧೂಳು ಸುತ್ತಿ, ಬಾಗಿಲು ಕಿಟಕಿ ಬಡಿದುಕೊಳ್ಳುವ ಹೊತ್ತಿಗೆ ಇದರಷ್ಟು ಹೊಂದುವುದು ಬೇರೊಂದಿಲ್ಲ. ನಡುಹಗಲಿಗೆ ಕಣ್ಣು ಕುಕ್ಕುವಷ್ಟು ಬೆಳಕು ಅದರಲ್ಲಿದೆ.

ಬೆಳಗಿನ ಹೊತ್ತಿಗೆ ನನ್ನಲ್ಲಿ ಸ್ಪರ್ಧೆಯೇ ಇಲ್ಲ. ಬೇಂದ್ರೆಯವರ ‘ಯುಗ ಯುಗಾದಿ ಕಳೆದರೂ’, ಎಸ್. ಜಾನಕಿ ಹಾಡಿದ್ದು, 1963ರ ‘ಕುಲವಧು’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ರಾಗ ಹಾಕಿದ್ದು. ಇದನ್ನು ಹಬ್ಬದ ಒಂದು ದಿನಕ್ಕೆ ಕಟ್ಟಿಹಾಕಿರುವುದು ನನಗೆ ಒಪ್ಪಿಗೆಯಿಲ್ಲ. ಹೊಂಗೆ ಹೂವು, ದುಂಬಿಯ ಝೇಂಕಾರ, ಬೇವಿನ ಹೂವಿನ ನಸುಗಂಪು, ಹೀಗೆ ಈ ಕವಿತೆಯ ತುಂಬ ಇರುವುದು ನಮ್ಮ ಬೇಸಿಗೆ. ಬೇವು ಹೂಬಿಡುವುದು ಈ ಬಿಸಿಲಿಗೇ. ಬೆಳಗಿನ ಆರಕ್ಕೆ ಅಂಗಳದಲ್ಲಿ ಉದುರಿದ ಹೂವಿನ ಮೇಲೆ ನಡೆಯುತ್ತ ಕೇಳಿದರೆ ಬೇಸಿಗೆಯ ಮೇಲಿನ ಸಿಟ್ಟೇ ಇಳಿಯುತ್ತದೆ. ಏಪ್ರಿಲ್ ಪೂರ್ತಿ ಕೇಳಬೇಕಾದ ಹಾಡು.

ಮಳೆ ಕರೆಯುವ ಹಾಡುಗಳ ಮಾತು ಹೇಳಿದೆನಲ್ಲ. ‘ಗುರ್ಜಿ ಗುರ್ಜಿ ಎಲ್ಲಾಡಿ ಬಂದಿ’ ಉತ್ತರ ಕರ್ನಾಟಕದ ಯಾರಿಗೆ ತಿಳಿಯದು? ಮಳೆ ತಡೆದಾಗ ಸಗಣಿಯಲ್ಲಿ ಮಾಡಿದ ಗೊಂಬೆ ಗುರ್ಜಿಯನ್ನು ರೊಟ್ಟಿಯ ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ಹುಡುಗರು ಮನೆಮನೆಗೆ ಹೋಗುತ್ತಾರೆ. ಮನೆಯ ಹೆಂಗಸರು ತಂಬಿಗೆ ತುಂಬ ನೀರು ಸುರಿದು ಜೋಳವನ್ನೋ ಹಿಟ್ಟನ್ನೋ ನೀಡುತ್ತಾರೆ. ದಕ್ಷಿಣದಲ್ಲಿ ಇದೇ ಕೆಲಸವನ್ನು ಮಳೆರಾಯನ ಹಾಡುಗಳು ಮಾಡುತ್ತವೆ. ಇವು ಮಳೆಯ ಹಾಡುಗಳಂತೆ ಕಂಡರೂ ಬತ್ತಿದ ನೆಲದ ಹಾಡುಗಳು. ಒಣಗಿದ ಗಂಟಲಿನಿಂದ ಹೊರಟವು. ಅದಕ್ಕೇ ‘ಮುಂಗಾರು ಮಳೆ’ ಕೈಕೊಡುವ ಹೊತ್ತಿನಲ್ಲಿ ಇವು ಕೈಹಿಡಿಯುತ್ತವೆ. ಒಂದು ತೊಡಕಿದೆ. ಸ್ಟುಡಿಯೋದಲ್ಲಿ ಕೀಬೋರ್ಡು, ರಿದಂ ಪ್ಯಾಡು ಸೇರಿಸಿ ಮಾಡಿದ ಜನಪದ ಗೀತೆಗಳಲ್ಲಿ ಆ ಬಾಯಾರಿಕೆ ಉಳಿದಿರುವುದಿಲ್ಲ. ನಿಮ್ಮ ಊರಿನಲ್ಲಿ ಹಾಡುವ ಅಜ್ಜಿಯರು ಇದ್ದರೆ ಅವರ ಬಾಯಿಂದಲೇ ಕೇಳಿ, ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ನನ್ನ ಬಳಿ ಇರುವ ಗುರ್ಜಿ ಹಾಡು ಅಂಥದ್ದು, ಹಿನ್ನೆಲೆಯಲ್ಲಿ ಮೇಕೆ ಕೂಗುತ್ತದೆ. ಬೆಲೆ ಕಟ್ಟಲಾಗದು.

ಇದೇ ಗುಂಪಿಗೆ ನಾನು ಶಿಶುನಾಳ ಷರೀಫರ ‘ಸೋರುತಿಹುದು ಮನೆಯ ಮಾಳಿಗೆ’ಯನ್ನೂ ಸೇರಿಸುತ್ತೇನೆ. ಹೆಚ್ಚಿನವರು ಇದನ್ನು ಮಳೆಗಾಲದ ಚಿತ್ರವಾಗಿ ಕೇಳುತ್ತಾರೆ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಬೆಳೆದವರಿಗೆ ಗೊತ್ತು, ಸೋರುವುದು ಮಳೆಗಾಲದಲ್ಲಾದರೂ ಮಾಳಿಗೆ ಏರಿ ಸವಳು ಮಣ್ಣು ಹಾಕಿ ಬಂದೋಬಸ್ತು ಮಾಡಬೇಕಾದದ್ದು ಬೇಸಿಗೆಯಲ್ಲಿ. ಅಜ್ಞಾನದಿಂದ ಸೋರುತ್ತಿದೆ ಎಂದು ಷರೀಫರು ಹೇಳುವಾಗ, ಆ ಕೆಲಸ ಮಾಡದೆ ಕಳೆದುಹೋದ ಬೇಸಿಗೆಯೂ ನನಗೆ ಅದರೊಳಗೆ ಕೇಳುತ್ತದೆ. ಸಿ. ಅಶ್ವಥ್ ಅವರ ಗಾಯನ ಮಧ್ಯಾಹ್ನಕ್ಕೆ ಜೋರಾಯಿತು, ಸಂಜೆ ಐದರ ನಂತರ ಹಾಕಿ. ಮಲಗಿದ್ದವರು ಎದ್ದು ಕೂಡುತ್ತಾರೆ.

ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದ ಮೇಲಿನ ಆಯ್ಕೆ ಕಷ್ಟದ್ದು. ‘ಅಮೃತವರ್ಷಿಣಿ’ಯದೇ ‘ಈ ಸುಂದರ ಬೆಳದಿಂಗಳ’ ಇದೆ, ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಚಿತ್ರಾ. ಹುಣ್ಣಿಮೆಯ ಹತ್ತಿರದ ದಿನಗಳಲ್ಲಿ ಇದಕ್ಕೆ ಎದುರಾಳಿ ಇಲ್ಲ, ಪಕ್ಕದ ಮಾಳಿಗೆಯವರೂ ದನಿ ಸೇರಿಸುತ್ತಾರೆ. ಆದರೆ ಹತ್ತು ಗಂಟೆಗೂ ಮಾಳಿಗೆಯ ಕಲ್ಲು ಹಗಲಿನ ಕಾವನ್ನು ಉಗುಳುತ್ತಿರುತ್ತದೆ. ಆ ಹೊತ್ತಿನ ಚಡಪಡಿಕೆಗೆ ಜಿ.ಎಸ್. ಶಿವರುದ್ರಪ್ಪನವರ ‘ಕಾಣದ ಕಡಲಿಗೆ’ ಇನ್ನೂ ಹತ್ತಿರದ್ದು. ಅಶ್ವಥ್ ಅದನ್ನು ಹಾಡುವಾಗ ಷರೀಫರ ಹಾಡಿನ ಗುಡುಗು ಇಲ್ಲ, ಹಂಬಲ ಮಾತ್ರ ಇದೆ. ಸಮುದ್ರದಿಂದ ಇಷ್ಟು ದೂರದಲ್ಲಿ ಮಲಗಿದವನಿಗೆ ಆ ಹಂಬಲದ ಅರ್ಥ ಚೆನ್ನಾಗಿ ಆಗುತ್ತದೆ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ‘ಅಕ್ಕ ಕೇಳವ್ವ’ ವಚನವನ್ನೂ ರಾತ್ರಿಗೆ ಇಟ್ಟು ನೋಡಿದೆ. ಅದು ನಿದ್ದೆಯನ್ನೇ ಓಡಿಸುವಷ್ಟು ಎಚ್ಚರದ ಗಾಯನ. ನಸುಕಿಗೆ ಸರಿಸಿದೆ, ಅಲ್ಲೇ ಸರಿಹೋಯಿತು.

ಒಂದೇ ಹಾಡು ಆರಿಸು ಎಂದರೆ ಭೀಮಸೇನರ ವೃಂದಾವನಿ ಸಾರಂಗ. ಎರಡನೆಯದು ಜಾನಕಿಯವರ ಯುಗಾದಿ ಹಾಡು. ಚಿಕ್ಕ ಮಕ್ಕಳಿರುವ ಮನೆಯಾದರೆ ‘ತುಂತುರು’ವನ್ನು ಮೊದಲಿಡಿ, ಅವರಿಗೆ ಖಯಾಲಿನ ವಿಲಂಬಿತ ಹೇರಬೇಡಿ.

ಮೇಘವನ್ನು ಯಾವಾಗ ಹೊರತೆಗೆಯಬೇಕು? ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆ ನಂಬಿ ಕೆಲವರು ಮೇ ಮೊದಲ ವಾರದ ಅಡ್ಡಮಳೆಗೇ ಮಲ್ಹಾರ್‌ನಂಥ ಮಳೆರಾಗ ಹಾಕಿಬಿಡುತ್ತಾರೆ. ಆ ಮಳೆ ಒಂದು ಗಂಟೆ ಸುರಿದು, ಮರುದಿನ ಕುದಿ ಹೆಚ್ಚಿಸಿ ಹೋಗುತ್ತದೆ. ನಾನು ಅದರ ಮುಂದಿನ ಕೃತ್ತಿಕೆ ಮಳೆಯನ್ನೂ ದಾಟಿಸುತ್ತೇನೆ. ಮೇ 25ರ ಸುಮಾರಿಗೆ ರೋಹಿಣಿ ಹೊಕ್ಕ ಮೇಲೆ ಪಡುವಣ ಗಾಳಿಯಲ್ಲಿ ತೇವ ಕಂಡರೆ ಅಮೀರ್ ಖಾನರನ್ನು ತೆಗೆಯಬಹುದು, ಇಲ್ಲವಾದರೆ ಜೂನ್ ಮೊದಲ ವಾರ ಕಳೆದು ಮಿರಗ (ಮೃಗಶಿರ ಮಳೆ) ಕೂಡುವವರೆಗೆ ತಡೆಯಿರಿ. ತೆಗೆದಾಗ ವಿಲಂಬಿತದಿಂದಲೇ ಶುರುಮಾಡಿ, ವೇಗದ ದ್ರುತಕ್ಕೆ ಹಾರಬೇಡಿ.