ಕ್ಲಿಕ್ಕರ್, ತಿಂಡಿ ಚೀಲ, ಉದ್ದ ಹಗ್ಗ: ಎರಡು ಮಳೆಗಾಲ ದಾಟಿದ ಮೇಲೆ

ನೇರವಾಗಿ ಹೇಳಿಬಿಡುತ್ತೇನೆ. ನಾಯಿಗೆ ಹೊಸ ಪಾಠ ಹೇಳಿಕೊಡಲು ಟಕ್ ಅಂತ ಸದ್ದು ಮಾಡುವ ಕ್ಲಿಕ್ಕರ್ ಒಳ್ಳೆಯದು. ಆದರೆ ಕಲಿತ ಪಾಠವನ್ನು ನಮ್ಮ ನಾಯಿ ಗೇಟಿನ ಹೊರಗೂ ಕೇಳುವಂತೆ ಮಾಡಿದ್ದು ಹತ್ತು ಮೀಟರ್ ಹಗ್ಗ. ಆನ್‌ಲೈನಿನಲ್ಲಿ ಟ್ರೇನಿಂಗ್ ಕಿಟ್ ಅಂತ ಕ್ಲಿಕ್ಕರ್, ತಿಂಡಿ ಚೀಲ, ಹಗ್ಗ ಸೇರಿಸಿ ಮಾರುವ ಸೆಟ್‌ಗಳ ಬಗ್ಗೆ ಓದಿದರೆ ಎಲ್ಲರೂ ಕ್ಲಿಕ್ಕರನ್ನೇ ಹೊಗಳುತ್ತಾರೆ. ಹಗ್ಗದ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ನಮ್ಮದು ಮಂಗಳೂರಿನ ಹೊರವಲಯದಲ್ಲಿ ಕಾಂಪೌಂಡ್ ಇರುವ ಮನೆ. ನಾಯಿ ಏಳು ಕಿಲೋ ತೂಗುವ ಬಿಳಿ ಹೆಣ್ಣು, ಹೆಸರು ಮಲ್ಲಿ. ನೋಡಿದವರೆಲ್ಲ ಪಾಮೇರಿಯನ್ ಅನ್ನುತ್ತಾರೆ. ನಮ್ಮ ಕಡೆ ಹಾಗೆ ಕರೆಸಿಕೊಳ್ಳುವ ನಾಯಿಗಳು ಹೆಚ್ಚಾಗಿ ಇಂಡಿಯನ್ ಸ್ಪಿಟ್ಜ್ ಅನ್ನುವ ತಳಿಯವು. ಚುರುಕು ಜಾಸ್ತಿ, ಬಾಯಿಯೂ ಜಾಸ್ತಿ. ನಮಗೆ ಬೇಕಿದ್ದದ್ದು ನಾಲ್ಕೇ ಮಾತು: ಕೂರು, ಇರು, ಬಾ, ಬಿಡು. ಶೇಕ್‌ಹ್ಯಾಂಡ್ ಕೊಡುವುದು, ಉರುಳುವುದು ಎಲ್ಲ ನೆಂಟರಿಗೆ ತೋರಿಸಲು ಚೆನ್ನ. ಮೀನಿನವರ ಸ್ಕೂಟರ್ ಹಾರ್ನ್ ಕೇಳಿದ ಕೂಡಲೇ ರಸ್ತೆಗೆ ನುಗ್ಗುವ ನಾಯಿಗೆ ಮೊದಲು ಬೇಕಾದದ್ದು 'ಬಾ'.

ಕ್ಲಿಕ್ಕರ್ ಅಂದರೆ ಒತ್ತಿದರೆ ಟಕ್ ಅನ್ನುವ ಸಣ್ಣ ಡಬ್ಬಿ, ಅಷ್ಟೇ. 1940ರ ದಶಕದಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಬಳಿ ಕಲಿತ ಕೆಲ್ಲರ್ ಮತ್ತು ಮೇರಿಯನ್ ಬ್ರೆಲ್ಯಾಂಡ್ ದಂಪತಿ, ಸರಿಯಾಗಿ ಮಾಡಿದ ಕ್ಷಣಕ್ಕೆ ಸದ್ದು ಮಾಡಿ ಆಮೇಲೆ ತಿಂಡಿ ಕೊಡುವ ಈ ಬಗೆಯ ತರಬೇತಿ ಶುರು ಮಾಡಿದರು. ಹವಾಯಿಯಲ್ಲಿ ಡಾಲ್ಫಿನ್‌ಗಳನ್ನು ಪಳಗಿಸುತ್ತಿದ್ದ ಕ್ಯಾರೆನ್ ಪ್ರಯರ್ ಅಂಥವರಿಂದಾಗಿ 1990ರ ದಶಕದಲ್ಲಿ ಇದು ನಾಯಿ ಸಾಕುವವರ ನಡುವೆ ಹಬ್ಬಿತು. ಡಾಲ್ಫಿನ್ ನೀರಿನಿಂದ ಮೇಲೆ ಹಾರಿದ ಆ ಗಳಿಗೆಯಲ್ಲೇ ಅದರ ಬಾಯಿಗೆ ಮೀನು ಹಾಕಲು ಆಗುವುದಿಲ್ಲ ಅಲ್ವಾ? ಅದಕ್ಕೇ ಸೀಟಿ. 'ಈಗ ಮಾಡಿದ್ದೇ ಸರಿ, ಮೀನು ಬರುತ್ತಿದೆ' ಅಂತ ಅದಕ್ಕೆ ಗೊತ್ತಾಗಬೇಕು. ನಾಯಿಯ ವಿಷಯದಲ್ಲೂ ಅಷ್ಟೇ. ಕುಂಡೆ ನೆಲಕ್ಕೆ ತಾಗಿದ ಕ್ಷಣಕ್ಕೆ ಟಕ್, ಆಮೇಲೆ ತಿಂಡಿ. ನೀವು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಮಲ್ಲಿಯಂಥ ನಾಯಿ ಎದ್ದು, ಒಂದು ಸುತ್ತು ತಿರುಗಿ, ಎರಡು ಸಲ ಬೊಗಳಿಯೂ ಆಗಿರುತ್ತದೆ. ಕ್ಲಿಕ್ ಇಲ್ಲದಿದ್ದರೆ ತಿಂಡಿ ಬೊಗಳಿದ್ದಕ್ಕೆ ಸಿಕ್ಕಿತು ಅಂತಲೇ ಅದರ ಲೆಕ್ಕ. ಈ ಒಂದು ಕಾರಣಕ್ಕೆ ಕ್ಲಿಕ್ಕರಿಗೆ ಕೊಟ್ಟ ದುಡ್ಡು ವಸೂಲಾಯಿತು.

ಕೊಳ್ಳುವಾಗ ಡಬ್ಬಿಯೊಳಗೆ ತಗಡಿನ ನಾಲಿಗೆ ಕಾಣುವ ಹಳೇ ಮಾದರಿ ಬೇಡ. ಅದರ ಸದ್ದು ಜೋರು. ಸಣ್ಣ ನಾಯಿಯ ಕಿವಿ ನಮ್ಮ ಕೈಗೆ ಹತ್ತಿರ, ಬೆಚ್ಚಿ ಹಿಂದೆ ಸರಿಯುತ್ತದೆ. ಉಬ್ಬಿದ ಗುಂಡಿ ಇರುವ ಮಾದರಿಯ ಸದ್ದು ಮೆತ್ತಗಿರುತ್ತದೆ. ನಮಗೆ ಮೊದಲು ಬಂದದ್ದು ತಗಡಿನದು. ಜುಲೈ ಮುಗಿಯುವ ಮೊದಲೇ ತುಕ್ಕು ಹಿಡಿದು ಟಕ್ ಹೋಗಿ ಬರೇ ಕಟಕಟ ಉಳಿಯಿತು. ಮಾರಿದವರನ್ನು ಕೇಳಿದರೆ ನೀರು ತಾಗಿದ್ದಕ್ಕೆ ವಾರಂಟಿ ಇಲ್ಲವಂತೆ. ಕರಾವಳಿಯ ಮಳೆಗಾಲದಲ್ಲಿ ನೀರು ತಾಗದ ವಸ್ತು ಯಾವುದಿದೆ ಸ್ವಾಮಿ! ಆಮೇಲೆ ಗುಂಡಿಯದ್ದು ತಂದೆವು, ಅದು ಇನ್ನೂ ಚೆನ್ನಾಗಿದೆ. ನಾಲ್ಕು ಪಾಠ ಗಟ್ಟಿಯಾದ ಮೇಲೆ ಅದೂ ಕಪಾಟು ಸೇರಿತು, 'ಸೈ' ಅನ್ನುವ ಬಾಯಿಮಾತೇ ಸಾಕಾಗುತ್ತದೆ. ಕ್ಲಿಕ್ಕರ್ ಜೀವಮಾನದ ಸಾಧನ ಅಲ್ಲ ಅನ್ನುವುದನ್ನು ಪ್ಯಾಕೆಟ್ ಮೇಲೇ ಬರೆಯಬೇಕಿತ್ತು.

ಇನ್ನು ತಿಂಡಿ. ಕಿಟ್ ಜೊತೆ ಬರುವ ಬಿಸ್ಕತ್ತು ಏಳು ಕಿಲೋದ ನಾಯಿಗೆ ದೊಡ್ಡ ತುತ್ತು. ಅಗಿದು ಮುಗಿಸುವಷ್ಟರಲ್ಲಿ ಪಾಠ ಮರೆತಿರುತ್ತದೆ. ಉಪ್ಪು, ಮಸಾಲೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಬೇಯಿಸಿದ ಕೋಳಿಯನ್ನು ಕಡಲೆಬೇಳೆ ಗಾತ್ರಕ್ಕೆ ಕತ್ತರಿಸಿಕೊಳ್ಳಿ. ದಿನದ ಕ್ಯಾಲೊರಿಯಲ್ಲಿ ತಿಂಡಿಯ ಪಾಲು ನೂರಕ್ಕೆ 10 ದಾಟಬಾರದು ಅನ್ನುವುದು ಪಶುವೈದ್ಯರ ಸಾಮಾನ್ಯ ಲೆಕ್ಕ. ಈ ತೂಕದ ನಾಯಿಗೆ ದಿನಕ್ಕೆ 400ರಿಂದ 450 ಕ್ಯಾಲೊರಿ ಬೇಕು ಅಂತಿಟ್ಟುಕೊಂಡರೆ, ಸುಮಾರು 25 ಗ್ರಾಂ ಕೋಳಿಗೇ ಆ ಪಾಲು ಮುಗಿಯಿತು. ಪನೀರಾದರೆ ಇನ್ನೂ ಕಡಿಮೆ, 15 ಗ್ರಾಂ. ಹಾಗಾಗಿ ಮನೆಯೊಳಗಿನ ಸುಲಭದ ಪಾಠಕ್ಕೆ ಸೌತೆಕಾಯಿ, ಕ್ಯಾರೆಟ್ ಚೂರು. ಗೇಟಿನ ಹೊರಗೆ ಮಾತ್ರ ಕೋಳಿ. ಒಣ ಮೀನಿಗೆ ನಾಯಿ ಪ್ರಾಣ ಬಿಡುತ್ತದೆ ನಿಜ, ಆದರೆ ಅದರಲ್ಲಿ ಉಪ್ಪು ವಿಪರೀತ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ಪಾಯಸದ ದ್ರಾಕ್ಷಿ ಎಸೆಯುವ ಅಜ್ಜಂದಿರಿಗೆ ಇದನ್ನು ಗಟ್ಟಿಯಾಗಿಯೇ ಹೇಳಿ.

ಸಣ್ಣ ನಾಯಿಯ ಕೆಲವು ತೊಂದರೆಗಳು ದೊಡ್ಡ ನಾಯಿಯ ವಿಡಿಯೋಗಳಲ್ಲಿ ಬರುವುದೇ ಇಲ್ಲ. ನಿಂತುಕೊಂಡು ಅದರ ಮೇಲೆ ಬಾಗಿ 'ಕೂರು' ಅಂದರೆ ಅದಕ್ಕೆ ಹೆದರಿಕೆ. ನಾನು ಮಣೆ ಹಾಕಿ ಕೂತೇ ಕಲಿಸಿದ್ದು. ತಿಂಡಿ ಹಿಡಿದ ಕೈ ಮೂಗಿಗೆ ತಾಗುವಷ್ಟು ಹತ್ತಿರದಲ್ಲಿ, ಮೂಗಿನಿಂದ ತಲೆಯ ಹಿಂದಕ್ಕೆ ಹೋಗಬೇಕು. ಕೈ ಸ್ವಲ್ಪ ಎತ್ತರವಾದರೂ ನಾಯಿ ಕೂರುವ ಬದಲು ಹಾರುತ್ತದೆ. ಗ್ರಾನೈಟ್ ನೆಲದಲ್ಲಿ ಹಿಂಗಾಲು ಜಾರಿದರೆ ಅದಕ್ಕೆ ಕೂರುವುದೇ ಬೇಡವಾಗುತ್ತದೆ. ಈ ಗಾತ್ರದ ನಾಯಿಗಳಲ್ಲಿ ಮಂಡಿಚಿಪ್ಪು ಸರಿಯುವ ತೊಂದರೆ ಸಾಮಾನ್ಯ, ಹಾಗಾಗಿ ಒಂದು ಗೋಣಿಚೀಲ ಹಾಸಿಕೊಳ್ಳಿ. ನಡೆಯುತ್ತಾ ಕಲಿಸುವಾಗ ಪ್ರತಿ ಸಲ ನೆಲದವರೆಗೆ ಬಗ್ಗಿದರೆ ನಮ್ಮ ಸೊಂಟದ ಕಥೆ ಮುಗಿಯಿತು. ಉದ್ದ ಹಿಡಿಯ ಮರದ ಸೌಟಿನ ತುದಿಗೆ ಚೂರು ಮೊಸರು ಸವರಿ ನೆಕ್ಕಿಸಿ. ಬೀದಿಯವರು ನಗುತ್ತಾರೆ, ನಗಲಿ.

ಈಗ ಹಗ್ಗದ ವಿಷಯ. ಅಡುಗೆಮನೆಯಲ್ಲಿ 'ಬಾ' ಅಂದರೆ ಬಾಣದಂತೆ ಬರುವ ನಾಯಿ, ಗೇಟಿನ ಹತ್ತಿರ ಅದೇ ಮಾತು ಕೇಳಿಸದವರ ಹಾಗೆ ನಿಲ್ಲುತ್ತದೆ. ಅದು ಹಟವಲ್ಲ. ಅಡುಗೆಮನೆಯಲ್ಲಿ ಕಲಿತದ್ದು ಅಂಗಳಕ್ಕೂ ಅನ್ವಯ ಅಂತ ನಾಯಿಗೆ ತಾನಾಗಿ ಹೊಳೆಯುವುದಿಲ್ಲ. ಪ್ರತಿ ಹೊಸ ಜಾಗದಲ್ಲೂ ಸುಲಭದ ಕಡೆಯಿಂದ ಮತ್ತೆ ಶುರು ಮಾಡಬೇಕು: ಜಗಲಿ, ಅಂಗಳ, ಗೇಟು, ಓಣಿ, ಆಮೇಲೆ ಪೇಟೆ. ದೂರ ಹೆಚ್ಚಿಸುವ ದಿನ ಗಲಾಟೆ ಕಡಿಮೆ ಇರಲಿ, ಗಲಾಟೆ ಇರುವಲ್ಲಿ ದೂರ ಕಡಿಮೆ ಇರಲಿ. ಈ ನಡುವಿನ ಕಾಲದಲ್ಲಿ ನಾಯಿ ಒಮ್ಮೆ ನಿಮ್ಮ ಕರೆ ಬಿಟ್ಟು ಬೆಕ್ಕಿನ ಹಿಂದೆ ಓಡಿದರೆ, ಆ ಓಟದ ಮಜವೇ ಅದಕ್ಕೆ ಬಹುಮಾನ. ನಿಮ್ಮ ಕೈಯ ಕೋಳಿ ಚೂರು ಅದರ ಮುಂದೆ ಯಾವ ಲೆಕ್ಕ?

ಹಗ್ಗ ಇದ್ದರೆ ಆ ಬಹುಮಾನ ಸಿಗುವುದಿಲ್ಲ. ಒಂದೇ ಸಲ ಕರೆಯಿರಿ. ಬಾರದಿದ್ದರೆ ಮತ್ತೆ ಮತ್ತೆ ಕೂಗಬೇಡಿ, ಎಳೆಯಲೂ ಬೇಡಿ. ಹಗ್ಗ ಮುಂದೆ ಹೋಗದಂತೆ ಹಿಡಿದು, ನೀವೇ ಹಿಂದಕ್ಕೆ ನಾಲ್ಕು ಹೆಜ್ಜೆ ಓಡಿ. ಓಡುವವರ ಹಿಂದೆ ಬರುವುದು ನಾಯಿಯ ಹುಟ್ಟುಗುಣ. ಬಂದ ಕೂಡಲೇ ತಿಂಡಿ ಕೊಟ್ಟು ಮತ್ತೆ ಆಡಲು ಬಿಡಿ. ಈ ಬಿಡುವುದು ಮುಖ್ಯ. ಕರೆದಾಗಲೆಲ್ಲ ಆಟ ಮುಗಿಯುತ್ತದೆ ಅಂತಾದರೆ ಯಾವ ನಾಯಿ ಬರುತ್ತದೆ? ಸ್ನಾನಕ್ಕೆ, ಉಣ್ಣಿ ತೆಗೆಯಲು, ಮಾತ್ರೆ ನುಂಗಿಸಲು ನಮ್ಮಲ್ಲಿ ಯಾರೂ 'ಬಾ' ಅನ್ನುವುದಿಲ್ಲ. ಹೋಗಿ ಎತ್ತಿಕೊಂಡು ಬರುತ್ತೇವೆ. ಏಳು ಕಿಲೋದ ನಾಯಿ ಸಾಕಿದ್ದರ ಲಾಭ ಅದು.

ಹಗ್ಗವನ್ನು ಕುತ್ತಿಗೆಯ ಬೆಲ್ಟಿಗೆ ಸಿಕ್ಕಿಸಲೇಬೇಡಿ. ಓಡಿ ಜಗ್ಗಿದರೆ ಪೂರ್ತಿ ಹೊಡೆತ ಗಂಟಲಿಗೆ ಬೀಳುತ್ತದೆ, ಸಣ್ಣ ತಳಿಗಳಲ್ಲಿ ಶ್ವಾಸನಾಳ ಮೊದಲೇ ಸೂಕ್ಷ್ಮ. ಎದೆಗೆ ಹಾಕುವ ಹಾರ್ನೆಸ್‌ನ ಬೆನ್ನಿನ ಕೊಂಡಿಗೇ ಹಾಕಿ. ಕಿಟ್‌ನಲ್ಲಿ ಬಂದ ಹತ್ತಿ ಹಗ್ಗ ಮಳೆಯಲ್ಲಿ ನೆನೆದು ಭಾರವಾಗಿ, ಜಂಬಿಟ್ಟಿಗೆ ಮಣ್ಣಿನ ಕೆಂಪು ಹತ್ತಿ, ಎರಡು ದಿನ ಒಣಗದೆ ನಾರುತ್ತಿತ್ತು. ಪ್ಲಾಸ್ಟಿಕ್ ಲೇಪನದ ಪಟ್ಟಿಯದ್ದು ಬೆಲೆ ಜಾಸ್ತಿ, ಆದರೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಕೊಕ್ಕೆ ಸಣ್ಣದಿರಲಿ, ದೊಡ್ಡ ನಾಯಿಯ ಹಿತ್ತಾಳೆ ಕೊಕ್ಕೆ ಇವುಗಳ ಬೆನ್ನಿಗೆ ಭಾರ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಅಂಗೈ ಸುಲಿಯುತ್ತದೆ.

ಇಡೀ ಕಾರ್ಯಕ್ರಮದಲ್ಲಿ ಕಷ್ಟದ ಭಾಗ ನಾಯಿಯದ್ದಲ್ಲ, ಮನೆಯವರದ್ದು. ಮಗ 'ಸಿಟ್' ಅನ್ನುತ್ತಾನೆ. ಅಮ್ಮ 'ಕೂತ್ಕೊಳ್ಳೇ ಮಾರಾಯ್ತಿ, ಕೂತ್ಕೋ' ಅಂತ ಮಾಲೆ ಪೋಣಿಸುತ್ತಾರೆ, ಜೊತೆಗೆ ಮೇಜಿನ ಕೆಳಗಿನಿಂದ ಇಡ್ಲಿ ಚೂರು. ನಾಲ್ಕು ಮಾತನ್ನು ಫ್ರಿಜ್ ಮೇಲೆ ಬರೆದು ಅಂಟಿಸಿದೆವು. ಅಮ್ಮನಿಗೆ ಇಡ್ಲಿ ಬಿಡಲು ಆಗಲಿಲ್ಲ. ಸರಿ, 'ಕೂರು' ಅಂತ ಒಂದೇ ಸಲ ಹೇಳಿ, ಕೂತರೆ ಮಾತ್ರ ಇಡ್ಲಿ ಅಂತ ರಾಜಿಯಾಯಿತು. ಈಗ ಮಲ್ಲಿ ಅತಿ ಬೇಗ ಕೂರುವುದು ಅಮ್ಮನ ಮಾತಿಗೇ.

ಶಾಕ್ ಕೊಡುವ ಕಾಲರ್ ಕೂಡ ಆನ್‌ಲೈನಿನಲ್ಲಿ ಈ ಕಿಟ್‌ಗಳ ಜೊತೆಗೇ ಮಾರಾಟಕ್ಕಿರುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಅದನ್ನು 2010ರಲ್ಲೇ ನಿಷೇಧಿಸಿದ್ದಾರೆ. ನಮ್ಮ ಮನೆಗೆ ಅದು ಬರುವುದಿಲ್ಲ.

ಸದ್ಯದ ಸ್ಥಿತಿ: 'ಕೂರು' ಎಲ್ಲೆಡೆ ನಡೆಯುತ್ತದೆ. 'ಇರು' ಅಂದರೆ ಗೇಟು ತೆರೆದು ಕಾರು ಒಳಗೆ ಬರುವವರೆಗೂ ಗೋಣಿಚೀಲದ ಮೇಲೆ ಇರುತ್ತಾಳೆ. ಮೀನಿನವರ ಹಾರ್ನಿಗೆ ಈಗ ತಾನಾಗಿಯೇ ನಮ್ಮತ್ತ ತಿರುಗುತ್ತಾಳೆ. ಬೆಕ್ಕು ಕಂಡರೂ ಕರೆದರೆ ಬರುತ್ತಾಳೆ, ಗೊಣಗಿಕೊಂಡು. ಮುಂಗುಸಿ ಕಂಡರೆ ಮಾತ್ರ ನಾವು ಯಾರೋ, ಅವಳು ಯಾರೋ. ಹಾಗಾಗಿ ರಸ್ತೆಯಲ್ಲಿ ಹಗ್ಗ ಬಿಚ್ಚುವುದಿಲ್ಲ.

ಇಡೀ ಕಿಟ್ ಕೊಳ್ಳುವ ಬದಲು ಗುಂಡಿಯ ಕ್ಲಿಕ್ಕರ್, ಲೇಪನದ ಹಗ್ಗ, ಅಳತೆಗೆ ಕೂರುವ ಹಾರ್ನೆಸ್ ಬಿಡಿಬಿಡಿಯಾಗಿ ತೆಗೆದುಕೊಳ್ಳಿ. ತಿಂಡಿ ಚೀಲಕ್ಕೆ ಒಂದೇ ಕೈಯಲ್ಲಿ ತೆರೆಯುವ ಬಾಯಿ ಇರಲಿ, ಜಿಪ್ ಬೇಡ. ತೊಳೆಯಲು ಒಳಚೀಲ ಕಳಚಿ ಬರುವಂತಿರಬೇಕು. ಇಲ್ಲವಾದರೆ ಕೋಳಿಯ ವಾಸನೆಗೆ ಮರುದಿನ ಬೆಳಿಗ್ಗೆ ಕಟ್ಟಿರುವೆ ಬಂದಿರುತ್ತದೆ.