ಬಾಗಲಕೋಟೆಯಲ್ಲಿ ಮಾರುತ್ತಿರುವ ಗೇಮ್ ಪುಸ್ತಕದ ಸೆಟ್ ತಗೊಳ್ಳಬೇಡಿ, ಅದರ ಕೊನೇ ಪುಟ ಸ್ಕ್ಯಾನ್ ಮಾಡಲೇಬೇಡಿ

ನವನಗರದ ಹಾಸ್ಟೆಲ್‌ಗಳ ಸುತ್ತ, ವಿದ್ಯಾಗಿರಿಯ ಟ್ಯೂಷನ್ ಕ್ಲಾಸುಗಳ ಮುಂದೆ ಒಂದು ಪುಸ್ತಕದ ಸೆಟ್ ಮಾರಾಟಕ್ಕೆ ಬಂದಿದೆ. ಬಿಜಿಎಂಐ ಅನ್ನೋ ಮೊಬೈಲ್ ಗನ್ ಗೇಮ್ ಆಡುವ ಹುಡುಗರಿಗೆ ಅಂತ. ಮೂರು ಪುಸ್ತಕ, ಮಿಂಚುವ ಕವರ್, ಮೇಲೆ ಹೆಲ್ಮೆಟ್ ಹಾಕಿಕೊಂಡು ಬಂದೂಕು ಹಿಡಿದವನ ಚಿತ್ರ. ಒಂದು ಮ್ಯಾಪ್‌ಗಳದ್ದು, ಒಂದು ಗನ್‌ಗಳದ್ದು, ಮೂರನೆಯದು ‘ಪ್ರೋ ಸೀಕ್ರೆಟ್’. ಬೆಲೆ 3,500 ಅಂತ ಅಚ್ಚು ಹಾಕಿ, ಅದರ ಮೇಲೆ ಗೀಟೆಳೆದು 1,799 ಅಂತ ಸ್ಟಿಕ್ಕರ್ ಅಂಟಿಸಿದ್ದಾರೆ. ದಯವಿಟ್ಟು ತಗೊಳ್ಳಬೇಡಿ. ಈಗಾಗಲೇ ಮನೆಗೆ ಬಂದಿದ್ದರೆ, ಮೂರನೇ ಪುಸ್ತಕದ ಕೊನೇ ಪುಟದಲ್ಲಿರುವ ಕ್ಯೂಆರ್ ಕೋಡ್ ಮುಟ್ಟಲೇಬೇಡಿ. ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರೋದಿಲ್ಲ, ಅದಕ್ಕೇ ಇಷ್ಟನ್ನು ಮೊದಲೇ ಹೇಳಿಬಿಟ್ಟೆ.

ಇದು ನಡೆದದ್ದು ನಮ್ಮ ಅಕ್ಕನ ಮನೆಯಲ್ಲಿ. ಅವಳ ಮಗ ಪಿಯುಸಿ ಮೊದಲ ವರ್ಷ. ಅವನಪ್ಪನದು ಹಳೇ ಊರಿನಲ್ಲಿ ಅಂಗಡಿ. ಮಗ ಫೋನ್ ಹಿಡಿದರೆ ಸಾಕು, ಅಪ್ಪನ ಬೈಗುಳ ಶುರು. ಗೇಮ್ ಒಳಗೆ ಯುಸಿ (ಅದರದೇ ನಾಣ್ಯ) ಕೊಳ್ಳೋಕೆ ನೂರು ರೂಪಾಯಿ ಕೇಳಿದರೂ ಕೊಡದ ಮನುಷ್ಯ. ಅಂಥವರೇ ಈ ಸೆಟ್‌ಗೆ ಪೂರ್ತಿ ದುಡ್ಡು ಎಣಿಸಿ ಕೊಟ್ಟಿದ್ದಾರೆ. ಹೇಗೆ ಅಂತೀರಾ? ಮಾರುವವನು ಹುಡುಗರ ಹತ್ತಿರ ದುಡ್ಡು ಕೇಳಲೇ ಇಲ್ಲ. ಹುಡುಗರಿಂದ ಅಪ್ಪಂದಿರ ನಂಬರ್ ಇಸಕೊಂಡು ಸೀದಾ ಅಂಗಡಿಗೇ ಹೋದ.

ಅವನ ಮಾತು ಹೀಗಿತ್ತಂತೆ. ‘ಸಾವಕಾರ್ರ, ಹುಡುಗ ಹೆಂಗೂ ಆಡತಾನ್ರಿ, ನೀವು ಬ್ಯಾಡ ಅಂದ್ರೂ ಆಡತಾನ. ಈ ಪುಸ್ತಕ ಕೊಟ್ರ ಅರ್ಧ ತಾಸು ಓದಿ ಅರ್ಧ ತಾಸು ಆಡತಾನ. ಈಗ ಇದರಾಗ ದೊಡ್ಡ ಟೂರ್ನಮೆಂಟ್ ಅದಾವ, ಲಕ್ಷಗಟ್ಲೆ ಬಹುಮಾನ ಐತಿ.’ ಬಹುಮಾನದ ಮಾತು ಸುಳ್ಳಲ್ಲ, ದೊಡ್ಡ ಟೂರ್ನಮೆಂಟ್‌ಗಳು ನಡೆಯುತ್ತವೆ. ಆದರೆ ಅಪ್ಪ ಬಿದ್ದಿದ್ದು ಬಹುಮಾನಕ್ಕಲ್ಲ, ಪುಸ್ತಕಕ್ಕೆ. ನಮ್ಮ ಕಡೆ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ರೂಢಿ. ಮಗ ಪುಸ್ತಕ ಕೇಳಿದಾಗ ಇಲ್ಲ ಅನ್ನೋಕೆ ಯಾವ ಅಪ್ಪನಿಗೂ ಬಾಯಿ ಬರೋದಿಲ್ಲ. ಆ ಮನುಷ್ಯ ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದ. ಒಂದೇ ಸ್ಕ್ವಾಡ್‌ನ ನಾಲ್ಕೂ ಹುಡುಗರ ಮನೆಗೆ ಒಂದೊಂದು ಸೆಟ್ ದಾಟಿಸಿ ಹೋದ.

ಪುಸ್ತಕ ಬಿಚ್ಚಿದ ದಿನವೇ ಅಳಿಯನಿಗೆ ಅನುಮಾನ ಬಂದಿತ್ತು. ‘ಮಾಮಾ, ಈ ಎರಾಂಗೆಲ್ ನಮ್ಮ ಗೇಮಿನ್ದಲ್ರಿ’ ಅಂತ ನನಗೆ ಫೋಟೋ ಕಳಿಸಿದ. ಎರಾಂಗೆಲ್ ಅಂದರೆ ಆ ಆಟದ ಒಂದು ಮ್ಯಾಪ್. ನಾನೂ ಒಂದು ಕಾಲಕ್ಕೆ ಆಡಿದವನೇ. ನೋಡಿದ ಕೂಡಲೇ ಗೊತ್ತಾಯಿತು. ಕವರ್ ಮೇಲೆ ‘ಈ ವರ್ಷದ ಹೊಸ ಆವೃತ್ತಿ’ ಅಂತಿದೆ. ಒಳಗಿರೋದು ಪಬ್‌ಜಿ ಮೊಬೈಲ್ ಕಾಲದ ಹಳೇ ಮ್ಯಾಪ್.

ಇದರ ಹಿನ್ನೆಲೆ ಸ್ವಲ್ಪ ಹೇಳಬೇಕು, ಮನೆಯ ಹಿರಿಯರಿಗೆ ಗೊತ್ತಿರಲಿ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಪಬ್‌ಜಿ ಮೊಬೈಲ್ ಕೂಡ ಇತ್ತು. ವಾರ ಕಳೆಯುವ ಮೊದಲೇ, ಸೆಪ್ಟೆಂಬರ್ 8ಕ್ಕೆ, ಹೊರದೇಶಗಳಲ್ಲಿ ಎರಾಂಗೆಲ್ ಮ್ಯಾಪ್‌ಗೆ ಹೊಸ ರೂಪ ಬಂತು. ಮಿಲ್ಟಾ ಪವರ್, ಕ್ವಾರಿ, ಪ್ರಿಸನ್ ಅನ್ನೋ ಜಾಗಗಳೆಲ್ಲ ಬದಲಾದವು. ಬಯಲಿದ್ದ ಕಡೆ ಕಂದಕ, ಅಡ್ಡಗೋಡೆ ಬಂದವು. ಪಬ್‌ಜಿ ಬದಲಿಗೆ ನಮ್ಮಲ್ಲಿ ಬಿಜಿಎಂಐ ಶುರುವಾಗಿದ್ದು 2021ರ ಜುಲೈ 2ಕ್ಕೆ, ಆ ಹೊಸ ಮ್ಯಾಪ್ ಇಟ್ಟುಕೊಂಡೇ. ಅಂದರೆ ಈ ಪುಸ್ತಕದಲ್ಲಿರುವ ಎರಾಂಗೆಲ್ ಬಿಜಿಎಂಐನಲ್ಲಿ ಶುರುವಿನ ದಿನವೇ ಇರಲಿಲ್ಲ. ಹಳೇ ಬಾಗಲಕೋಟೆಯ ನಕ್ಷೆ ಹಿಡಿದು ಆಲಮಟ್ಟಿ ಹಿನ್ನೀರಿನ ದಂಡೆಯಲ್ಲಿ ನಿಂತು, ಇಲ್ಲೊಂದು ಓಣಿ ಇರಬೇಕಿತ್ತಲ್ಲ ಅಂತ ಹುಡುಕಿದ ಹಾಗೆ ಇದು.

ಗನ್ ಪುಸ್ತಕ ಇನ್ನೂ ಮಜವಾಗಿದೆ. ಎಂ416ಗೆ 5.56 ಗುಂಡು, ಎಕೆಎಂಗೆ 7.62 ಗುಂಡು ಅಂತ ದೊಡ್ಡಕ್ಷರದಲ್ಲಿ ಬರೆದಿದ್ದಾರೆ. ಇದು ನಿಜ. ಆದರೆ ಆಟಕ್ಕೆ ಇಳಿದ ಮೊದಲ ಐದು ನಿಮಿಷದಲ್ಲಿ ಯಾರಿಗಾದರೂ ಗೊತ್ತಾಗುವ ಸಂಗತಿ, ಗನ್ ಎತ್ತಿಕೊಂಡರೆ ಪರದೆಯ ಮೇಲೇ ಕಾಣುತ್ತೆ. ಅದರ ಮುಂದಿನ ಪುಟಗಳಲ್ಲಿ ಡ್ಯಾಮೇಜ್ ಅಂಕಿಗಳ ಉದ್ದುದ್ದ ಪಟ್ಟಿ. ಅಂಥ ಅಂಕಿಗಳು ಅಪ್‌ಡೇಟ್ ಬಂದಾಗಲೆಲ್ಲ ಬದಲಾಗುತ್ತವೆ. ಒಂದು ಗನ್ ತೀರಾ ಜೋರಾಯಿತು ಅನ್ನಿಸಿದರೆ ಕಂಪನಿಯವರು ಅದರ ಬಲ ಇಳಿಸುತ್ತಾರೆ, ಯಾರೂ ಮುಟ್ಟದ ಗನ್‌ಗೆ ಬಲ ಏರಿಸುತ್ತಾರೆ. ಅದಾದ ಮೇಲೆ ಸೆನ್ಸಿಟಿವಿಟಿ ಪಟ್ಟಿ, ಅಂದರೆ ಬೆರಳು ಎಷ್ಟು ಸರಿಸಿದರೆ ಗುರಿ ಎಷ್ಟು ತಿರುಗಬೇಕು ಅನ್ನೋ ಲೆಕ್ಕ. ಯಾರದೋ ಫೋನ್‌ನಲ್ಲಿ ಯಾರದೋ ಕೈಬೆರಳಿಗೆ ಹೊಂದಿದ ಅಂಕಿಗಳವು. ನಿಮ್ಮ ಪರದೆ ಎಷ್ಟು ದೊಡ್ಡದು, ಗೈರೋ (ಫೋನನ್ನೇ ವಾಲಿಸಿ ಗುರಿ ಹಿಡಿಯೋದು) ಬಳಸುತ್ತೀರೋ ಇಲ್ವೋ, ಇದರ ಮೇಲೆ ಎಲ್ಲ ನಿಂತಿದೆ. ಅದನ್ನು ಅಚ್ಚು ಹಾಕಿ ಮಾರೋದು ಒಬ್ಬರ ಕನ್ನಡಕ ತಂದು ಊರಿಗೆಲ್ಲ ಹಂಚಲು ಹೊರಟವರ ಧೈರ್ಯ, ಬಿಡಿ.

ಮತ್ತೆ ಆ ಗ್ಯಾರಂಟಿ. ‘ಒಂದೇ ಸೀಸನ್‌ನಲ್ಲಿ ಕಾಂಕರರ್ ಆಗದಿದ್ದರೆ ದುಡ್ಡು ವಾಪಸ್’ ಅಂತ ಕವರ್ ಮೇಲೆ ಇದೆ. ಕಾಂಕರರ್ ಅಂದರೆ ಆಟದ ರ‍್ಯಾಂಕ್ ಪಟ್ಟಿಯಲ್ಲಿ ಮೊದಲ 500ರೊಳಗೆ ಇರುವವರಿಗೆ ಸಿಗುವ ಪಟ್ಟ. ದೇಶದ ತುಂಬ ಕೋಟಿಗಟ್ಟಲೆ ಹುಡುಗರು ಡೌನ್‌ಲೋಡ್ ಮಾಡಿಕೊಂಡಿರುವ ಆಟ. ಸೀಸನ್ ಮುಗಿದ ಮೇಲೆ ಎಲ್ಲರ ರ‍್ಯಾಂಕ್ ಕೆಳಗೆ ಇಳಿಯುತ್ತೆ, ಮತ್ತೆ ಮೊದಲಿಂದ ಹತ್ತಬೇಕು. ಪುಸ್ತಕ ಕೊಂಡವರೆಲ್ಲ ಆ 500ರೊಳಗೆ ಬರೋದಕ್ಕೆ ಸಾಧ್ಯವೇ ಇಲ್ಲ. ಇನ್ನೊಂದು ತಮಾಷೆ ಅಂದರೆ, ಆ ಪುಸ್ತಕದ ರ‍್ಯಾಂಕ್ ಏಣಿಯಲ್ಲಿ ಏಸ್ ಆದ ಮೇಲೆ ನೇರ ಕಾಂಕರರ್. 2021ರಲ್ಲೇ ನಡುವೆ ಏಸ್ ಮಾಸ್ಟರ್, ಏಸ್ ಡಾಮಿನೇಟರ್ ಅಂತ ಎರಡು ಮೆಟ್ಟಿಲು ಸೇರಿವೆ. ಬರೆದವನು ಆಮೇಲೆ ಆಟವನ್ನೇ ತೆರೆದು ನೋಡಿಲ್ಲ.

ಇಲ್ಲಿವರೆಗಿನದ್ದು ಬರೀ ದುಡ್ಡು ದಂಡ. ಮುಂದಿನದು ಅದಕ್ಕಿಂತ ಕೆಟ್ಟದ್ದು.

ಮೂರನೇ ಪುಸ್ತಕದ ಕೊನೇ ಪುಟದಲ್ಲಿ ಕ್ಯೂಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದರೆ ಉಚಿತ ಯುಸಿ ಅಂತೆ. ಮ್ಯಾಪ್ ಹಳೇದು ಅಂತ ಗೊತ್ತಾದ ಮೇಲೂ ಹುಡುಗರು ಇದನ್ನು ಬಿಡಲಿಲ್ಲ. ಹೆಂಗೂ ದುಡ್ಡು ಹೋಗಿದೆ, ಯುಸಿನಾದರೂ ಬರಲಿ ಅನ್ನೋ ಲೆಕ್ಕ. ಸ್ಕ್ಯಾನ್ ಮಾಡಿದರೆ ಒಂದು ಪುಟ ತೆರೆಯಿತು, ನೋಡಲು ಥೇಟ್ ಗೇಮ್‌ನ ಪುಟದ ಹಾಗೇ. ಫೇಸ್‌ಬುಕ್ ಇಮೇಲ್, ಪಾಸ್‌ವರ್ಡ್ ಕೇಳಿತು. ಅಳಿಯ ಕೊಟ್ಟ. ‘24 ಗಂಟೆ ಕಾಯಿರಿ’ ಅಂತ ಬಂತು. ಈ ಕಾಯಿರಿ ಅನ್ನೋದೇ ಕಳ್ಳರ ಜಾಣತನ. ಹುಡುಗ ಸುಮ್ನೆ ಕಾಯುತ್ತಾ ಕೂತರೆ ಅವರಿಗೆ ಅಷ್ಟು ಹೊತ್ತು ಸಿಕ್ಕ ಹಾಗೆ.

ಮರುದಿನ ಲಾಗಿನ್ ಆಗಲಿಲ್ಲ. ಗೇಮ್ ಖಾತೆಗೆ ಯಾರದೋ ಇಮೇಲ್ ಜೋಡಿಸಿದ್ದರು. ಅದು ಹೋದರೆ ಹೋಗಲಿ, ಆಟ ತಾನೇ ಅಂದುಕೊಳ್ಳಬಹುದಿತ್ತು. ಆದರೆ ಅವನ ಫೇಸ್‌ಬುಕ್‌ನಿಂದ ಬೀಗರು, ನೆಂಟರು, ಹಳೇ ಮೇಷ್ಟ್ರು, ಎಲ್ಲರಿಗೂ ಮೆಸೇಜ್ ಹೋಗಿತ್ತು. ‘ದವಾಖಾನೆಯಲ್ಲಿದ್ದೇನೆ, ಅರ್ಜೆಂಟ್ ದುಡ್ಡು ಬೇಕು, ಸಂಜೆ ವಾಪಸ್ ಹಾಕ್ತೀನಿ.’ ಹೆಚ್ಚಿನವರು ಫೋನ್ ಮಾಡಿ ಕೇಳಿದರು, ಬಚಾವ್. ಇಳಕಲ್‌ನಲ್ಲಿರುವ ಅವನ ಸೋದರತ್ತೆ ಮಾತ್ರ ಕೇಳದೇ 2,000 ರೂಪಾಯಿ ಕಳಿಸಿಬಿಟ್ಟರು. ಪಾಪ, ಹುಡುಗನ ಮೇಲಿನ ಪ್ರೀತಿ. ಆಮೇಲೆ ದವಾಖಾನೆ ಯಾವುದು ಅಂತ ವಿಚಾರಿಸಲು ಫೋನ್ ಮಾಡಿದಾಗಲೇ ಮನೆಯವರಿಗೆ ಎಲ್ಲ ಗೊತ್ತಾಗಿದ್ದು. ಮಾರಿದವನ ನಂಬರ್ ಅಷ್ಟರಲ್ಲಿ ಸ್ವಿಚ್ ಆಫ್.

ಕೆಲವರು ಕೇಳಬಹುದು: ಇದು ನಕಲಿ ಮಾಲು, ಅಸಲಿ ಕಂಪನಿ ಪುಸ್ತಕ ಸಿಕ್ಕರೆ ತಗೋಬಹುದಾ ಅಂತ. ನನ್ನ ಕೇಳಿದರೆ ಆನ್‌ಲೈನ್‌ನಲ್ಲಿ ಜನ ಜನರ ಎದುರು ಆಡುವ ಆಟಕ್ಕೆ ಅದೂ ಬೇಡ. ಅಮೆರಿಕದಲ್ಲಿ ಇಂಥ ಪುಸ್ತಕಗಳದ್ದೇ ದೊಡ್ಡ ವ್ಯಾಪಾರ ಇತ್ತು. ಪ್ರೈಮಾ, ಬ್ರೇಡಿಗೇಮ್ಸ್ ಅಂತ ಎರಡು ದೊಡ್ಡ ಹೆಸರು. ಗೇಮ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು, ಒಳ್ಳೇ ಕಾಗದದಲ್ಲಿ, ಬಣ್ಣದ ಮ್ಯಾಪ್‌ಗಳ ಸಮೇತ ತರುತ್ತಿದ್ದರು. 2015ರಲ್ಲಿ ಎರಡೂ ಒಂದಾದವು. 2018ರ ಕೊನೆಗೆ ಪ್ರೈಮಾ ಅಚ್ಚಿನ ಗೈಡ್ ನಿಲ್ಲಿಸುತ್ತೇವೆ ಅಂತ ಹೇಳಿ 2019ರಲ್ಲಿ ಆ ಕೆಲಸ ಮುಚ್ಚಿತು. ಇಂಟರ್‌ನೆಟ್‌ನಲ್ಲಿ ಎಲ್ಲ ಪುಕ್ಕಟೆ ಸಿಗುವಾಗ ಕೊಳ್ಳೋರು ಯಾರು?

ಆಟ ಬದಲಾದರೆ ಪುಸ್ತಕ ಹಳೇದಾಗುವ ತೊಂದರೆ ಅವರಿಗೂ ಇತ್ತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೋಡಿ. 2004ರ ನವೆಂಬರ್‌ನಲ್ಲಿ ಬಂದಾಗ 60ನೇ ಲೆವೆಲ್ಲೇ ಕೊನೆ. 2007ರ ಜನವರಿಯಲ್ಲಿ ಅದು 70 ಆಯಿತು, 2008ರಲ್ಲಿ 80. 2010ರ ಕೊನೆಗಂತೂ ಹಳೇ ಊರು, ಕಾಡು, ದಾರಿಗಳನ್ನೇ ಒಡೆದು ಹೊಸದಾಗಿ ಕಟ್ಟಿದರು. ಮೊದಲ ವರ್ಷದ ಗೈಡ್ ಕೊಂಡವನ ಕೈಯಲ್ಲಿ ಉಳಿದಿದ್ದು ನೆನಪಿನ ಆಲ್ಬಮ್ ಅಷ್ಟೇ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ ಹೆಚ್ಚು ಕಡಿಮೆ ಎರಡು ವಾರಕ್ಕೊಮ್ಮೆ ಪ್ಯಾಚ್, ಅಂದರೆ ಅಪ್‌ಡೇಟ್, ಬರುತ್ತೆ. ಡೋಟಾ 2ನವರು 2023ರ ಏಪ್ರಿಲ್‌ನಲ್ಲಿ ಮ್ಯಾಪನ್ನೇ ನೂರಕ್ಕೆ ನಲವತ್ತರಷ್ಟು ದೊಡ್ಡದು ಮಾಡಿದರು. ಪುಸ್ತಕ ಅಂದರೆ ಬರೆಯಬೇಕು, ತಿದ್ದಬೇಕು, ಅಚ್ಚಿಗೆ ಕೊಡಬೇಕು, ಲಾರಿಯಲ್ಲಿ ಅಂಗಡಿಗೆ ಬರಬೇಕು. ಅಷ್ಟರಲ್ಲಿ ಆಟವೇ ಬೇರೆ ಆಗಿರುತ್ತೆ.

ಕಾಗದದ ಮೇಲೆ ನನಗೇನೂ ಸಿಟ್ಟಿಲ್ಲ. ಏಜ್ ಆಫ್ ಎಂಪೈರ್ಸ್ 2 ಅನ್ನೋ ಕಂಪ್ಯೂಟರ್ ಆಟದ ಡಬ್ಬಿಯಲ್ಲಿ ಮಡಚಿದ ಒಂದು ಚಾರ್ಟ್ ಬರುತ್ತಿತ್ತು. ಯಾವ ಸಾಮ್ರಾಜ್ಯಕ್ಕೆ ಯಾವ ಸೈನಿಕ ಸಿಗುತ್ತಾನೆ, ಏನು ಕಟ್ಟಿದರೆ ಏನು ತೆರೆಯುತ್ತೆ ಅಂತ ಒಂದೇ ಹಾಳೆಯಲ್ಲಿ. ಸೈಬರ್ ಕೆಫೆಯಲ್ಲಿ ಗೋಡೆಗೆ ಅಂಟಿಸಿಕೊಂಡು ಆಡಿದ್ದೇವೆ. 1999ರ ಆ ಆಟ ಆಗ ಅಷ್ಟೊಂದು ಬದಲಾಗುತ್ತಿರಲಿಲ್ಲ, 13 ಸಾಮ್ರಾಜ್ಯ, ಮರುವರ್ಷ ಮತ್ತೈದು ಸೇರಿ 18, ಅಷ್ಟೇ. ಒಬ್ಬರೇ ಕೂತು ಆಡುವ ಕಥೆಯ ಆಟಗಳಿಗೂ ಪುಸ್ತಕ ಚೆನ್ನ. ಚೆಸ್ ಪುಸ್ತಕ ಐವತ್ತು ವರ್ಷ ಹಳೇದಾದರೂ ಓದಬಹುದು, ಯಾಕಂದ್ರೆ ಕುದುರೆಯ ನಡೆಯನ್ನು ಯಾರೂ ರಾತ್ರೋರಾತ್ರಿ ಬದಲಿಸೋದಿಲ್ಲ. ಬಿಜಿಎಂಐನಂಥ ಆಟದಲ್ಲಿ ನಿಯಮದ ಕೀಲಿ ಕಂಪನಿಯ ಕೈಯಲ್ಲಿದೆ. 2022ರ ಜುಲೈನಲ್ಲಿ ಆ ಆಟವೇ ಆ್ಯಪ್ ಸ್ಟೋರ್‌ಗಳಿಂದ ಮಾಯವಾಗಿ, ವಾಪಸ್ ಬಂದಿದ್ದು 2023ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಪುಸ್ತಕ ಇಟ್ಟುಕೊಂಡು ಏನು ಮಾಡ್ತೀರಿ, ಅಲ್ವಾ?

ಹುಡುಗರಿಗೆ ನಿಜಕ್ಕೂ ಆಟ ಸುಧಾರಿಸಬೇಕು ಅಂತಿದ್ದರೆ ಬೇಕಾದ್ದೆಲ್ಲ ಆಟದ ಒಳಗೇ ಪುಕ್ಕಟೆ ಇದೆ. ಟ್ರೇನಿಂಗ್ ಗ್ರೌಂಡ್‌ನಲ್ಲಿ ಯಾವ ಗನ್ ಬೇಕಾದರೂ ಎತ್ತಿ ಗುರಿ ಅಭ್ಯಾಸ ಮಾಡಬಹುದು. ಅಪ್‌ಡೇಟ್ ಬಂದಾಗ ಏನೇನು ಬದಲಾಯಿತು ಅಂತ ಕಂಪನಿಯವರೇ ಬರೆದು ಹಾಕುತ್ತಾರೆ, ಅದನ್ನು ಓದಿ. ಸತ್ತ ಕೂಡಲೇ ಮುಂದಿನ ಮ್ಯಾಚ್‌ಗೆ ಓಡುವ ಬದಲು, ಉಳಿದ ಗೆಳೆಯರು ಹೇಗೆ ಆಡ್ತಾರೆ ಅಂತ ಕೂತು ನೋಡಿ. ಅಳಿಯನ ಸ್ಕ್ವಾಡ್‌ನಲ್ಲಿ ಚೆನ್ನಾಗಿ ಆಡುವ ಹುಡುಗ ಆ ಪುಸ್ತಕದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಹದಿನೆಂಟು ತುಂಬದವರಿಗೆ ಈ ಆಟದಲ್ಲಿ ದಿನಕ್ಕೆ ಮೂರು ತಾಸಿನ ಮಿತಿ ಇದೆ, ಪೋಷಕರ ಮೊಬೈಲ್‌ಗೆ ಒಟಿಪಿ ಬರುತ್ತೆ. ಮಗ ವಯಸ್ಸು ಸುಳ್ಳು ಹೇಳಿ ಆ ಮಿತಿ ದಾಟಿದ್ದಾನಾ ಅಂತ ಒಮ್ಮೆ ನೋಡಿ. ಅದಕ್ಕೆ 1,799 ಕೊಡಬೇಕಾಗಿಲ್ಲ.

ಕೋಡ್ ಸ್ಕ್ಯಾನ್ ಮಾಡಿ ಪಾಸ್‌ವರ್ಡ್ ಕೊಟ್ಟಾಗಿದ್ದರೆ ತಡ ಮಾಡಬೇಡಿ. ಫೇಸ್‌ಬುಕ್ ಅಥವಾ ಗೂಗಲ್, ಯಾವುದರಿಂದ ಲಾಗಿನ್ ಆಗಿದ್ದೀರೋ ಅದರ ಪಾಸ್‌ವರ್ಡ್ ಮೊದಲು ಬದಲಿಸಿ. ಎಲ್ಲಾ ಡಿವೈಸ್‌ಗಳಿಂದ ಲಾಗೌಟ್ ಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ, ಅದನ್ನು ಒತ್ತಿ. ಎರಡು ಹಂತದ ಪರಿಶೀಲನೆ ಆನ್ ಮಾಡಿ. ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಅಲ್ಲೂ ಬದಲಿಸಿ, ಹುಡುಗರು ಎಲ್ಲಾ ಕಡೆ ಒಂದೇ ಇಟ್ಟಿರುತ್ತಾರೆ. ನೆಂಟರಿಗೆ ಫೋನ್ ಮಾಡಿ ದುಡ್ಡು ಕಳಿಸಬೇಡಿ ಅಂತ ಹೇಳಿ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ದುಡ್ಡು ಕೈ ಬದಲಾಗಿ ಹೋಗುತ್ತೆ. ಆಮೇಲೆ ಸೈಬರ್ ಕೇಸು ನೋಡುವ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ. ಮಕ್ಕಳ ಗೇಮ್ ವಿಷಯಕ್ಕೆ ಠಾಣೆಗೆ ಹೋಗೋದಾ ಅಂತ ನಾಚಿಕೆ ಬೇಡ. ನಮ್ಮ ದೂರು ತಗೊಂಡಿದ್ದಾರೆ.

ಸೆಟ್ ಕೊಂಡ ಉಳಿದವರೂ ಸೇರಿ ದೂರು ಕೊಟ್ಟರೆ ಕೇಸ್ ಗಟ್ಟಿಯಾಗುತ್ತೆ. ದುಡ್ಡು ಫೋನ್‌ಪೇ ಮಾಡಿದ್ದರೆ ಆ ಸ್ಕ್ರೀನ್‌ಶಾಟ್, ಅವನು ಕೊಟ್ಟ ಕೈಬರಹದ ರಶೀದಿ, ಕ್ಯೂಆರ್ ಇರುವ ಕೊನೇ ಪುಟ, ಈ ಮೂರನ್ನು ಬಿಸಾಡಬೇಡಿ. ಉಳಿದದ್ದನ್ನು ರದ್ದಿಗೆ ಹಾಕಬಹುದು.